ಸೆಮಾಗ್ಲುಟೈಡ್ ಪೆನ್: ತೂಕಕ್ಕೆ ಸರಿ, ಮೆದುಳಿಗೆ ಅಂತ ತಗೊಳ್ಳಬೇಡಿ

ಡಾಕ್ಟರ್ ಬರೆದುಕೊಟ್ಟ ಮೇಲೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಪೆನ್ ಬಳಸುತ್ತಿದ್ದೇನೆ. ತೂಕ ಇಳಿಸುವ ಔಷಧಿಯಾಗಿ ಐದಕ್ಕೆ ನಾಲ್ಕು ಸ್ಟಾರ್ ಧಾರಾಳವಾಗಿ ಕೊಡುತ್ತೇನೆ. ಆದರೆ ಇದು ಮೆದುಳಿನಲ್ಲಿ ಹೊಸ ಕೋಶ ಬೆಳೆಸುತ್ತದೆ, ನೆನಪಿನ ಶಕ್ತಿ ಜಾಸ್ತಿ ಮಾಡುತ್ತದೆ ಅಂತ ಎಲ್ಲ ಕಡೆ ಹೇಳುತ್ತಿದ್ದಾರಲ್ಲ, ಆ ಆಸೆಗೆ ಮಾತ್ರ ಯಾರೂ ತಗೊಳ್ಳಬೇಡಿ.

ಪೆನ್ ಬಳಸುವುದು ಸುಲಭ. ಸೂಜಿ ತುಂಬಾ ಸಣ್ಣ, ನೋವು ಅಷ್ಟಾಗಿ ಗೊತ್ತಾಗುವುದಿಲ್ಲ. ನನ್ನ ಪೆನ್ನಿನಲ್ಲಿ ಗುಂಡಿ ಒತ್ತಿ ಅಂಕಿ ಸೊನ್ನೆಗೆ ಬಂದ ಮೇಲೂ ನಿಧಾನಕ್ಕೆ ಆರು ಎಣಿಸಬೇಕು, ಅವಸರದಲ್ಲಿ ಸೂಜಿ ಎಳೆದರೆ ಔಷಧಿಯ ಹನಿ ಚರ್ಮದ ಮೇಲೇ ಉಳಿದುಬಿಡುತ್ತದೆ. ಡೋಸ್ 0.25 ಮಿ.ಗ್ರಾಂನಿಂದ ಶುರುವಾಗಿ ಮೆಲ್ಲಗೆ 2.4ರವರೆಗೆ ಏರುತ್ತದೆ, ಏರಿಸಿದಾಗಲೆಲ್ಲ ನನಗೆ ವಾಕರಿಕೆ. ಹಸಿವಂತೂ ನಿಜಕ್ಕೂ ತಗ್ಗುತ್ತದೆ. 2021ರಲ್ಲಿ ಪ್ರಕಟವಾದ ದೊಡ್ಡ ಟ್ರಯಲ್‌ನಲ್ಲಿ 68 ವಾರಕ್ಕೆ ಸರಾಸರಿ ಸುಮಾರು 15% ತೂಕ ಇಳಿದಿತ್ತು. ಆ ಟ್ರಯಲ್‌ನವರು ಔಷಧಿ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದಿದ್ದರಲ್ಲಿ ಮೂರನೇ ಎರಡು ಪಾಲು ವಾಪಸ್ ಬಂತು. ಒಂದು ಸ್ಟಾರ್ ಕಡಿಮೆ ಮಾಡಿದ್ದು ಅದಕ್ಕೇ.

ಇನ್ನು ಮೆದುಳು. ಈ ಮಾತು ಪೂರ್ತಿ ಗಾಳಿಸುದ್ದಿಯಲ್ಲ. ಇದೇ ಗುಂಪಿನ ಲಿರಾಗ್ಲುಟೈಡ್ ಕೊಟ್ಟ ಇಲಿಗಳಲ್ಲಿ ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ನೆನಪು ಕೂರುವ ಜಾಗದಲ್ಲಿ, ಹೊಸ ಕೋಶಗಳು ಹೆಚ್ಚಾಗಿ ಕಂಡಿವೆ. ಆದರೆ ಅದನ್ನು ಎಣಿಸುವುದು ಹೇಗೆ ಗೊತ್ತಾ? ಹೊಸದಾಗಿ ಹುಟ್ಟುವ ಕೋಶಕ್ಕೆ ಗುರುತು ಹಾಕುವ ರಾಸಾಯನಿಕವನ್ನು ಚುಚ್ಚುತ್ತಾರೆ, ಆಮೇಲೆ ಇಲಿಯನ್ನು ಕೊಂದು ಮೆದುಳನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಒಂದೊಂದಾಗಿ ಎಣಿಸುತ್ತಾರೆ. ಬದುಕಿರುವ ಮನುಷ್ಯರಲ್ಲಿ ಹೀಗೆ ಮಾಡೋಕೆ ಆಗಲ್ಲ ಅಲ್ವಾ? ಅಷ್ಟೇ ಅಲ್ಲ, ದೊಡ್ಡವರ ಮೆದುಳಿನಲ್ಲಿ ಹೊಸ ನರಕೋಶ ಹುಟ್ಟುತ್ತವೆಯೇ ಅನ್ನುವುದೇ ಜಗಳದ ವಿಷಯ. 2018ರಲ್ಲಿ ಒಂದು ತಂಡ ಬಾಲ್ಯ ಕಳೆದ ಮೇಲೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅಂದರೆ, ಅದೇ ವರ್ಷ ಇನ್ನೊಂದು ತಂಡ ಮುಪ್ಪಿನಲ್ಲೂ ಇವೆ ಅಂತ ಬರೆಯಿತು. ಕೊಬ್ಬು ಜಾಸ್ತಿ ತಿನ್ನಿಸಿದರೆ ಇಲಿಗಳಲ್ಲಿ ಹೊಸ ಕೋಶ ಕಡಿಮೆಯಾಗುತ್ತವೆ, ಚಕ್ರದಲ್ಲಿ ಓಡಿದರೆ ಹೆಚ್ಚುತ್ತವೆ. ಹಾಗಾಗಿ ಫಲಿತಾಂಶ ಚೆನ್ನಾಗಿ ಬಂದಾಗಲೂ ಅದು ಔಷಧಿಯ ಕೆಲಸವೋ ತೂಕ ಇಳಿದದ್ದರ ಕೆಲಸವೋ ಬಿಡಿಸಿ ನೋಡಬೇಕು. 2025ರಲ್ಲಿ ಆಲ್ಝೈಮರ್ಸ್ ರೋಗಿಗಳ ಮೇಲಿನ ಸೆಮಾಗ್ಲುಟೈಡ್ ಮಾತ್ರೆಯ ಟ್ರಯಲ್ ಫಲಿತಾಂಶ ಬಂತು, ಕಾಯಿಲೆಯ ವೇಗ ತಗ್ಗಲಿಲ್ಲ. ತುಂಬಾ ಮನೆಯವರು ಅದಕ್ಕಾಗಿ ಕಾದಿದ್ದರು, ಓದಿ ಬೇಜಾರಾಯಿತು.

ಹಸಿವಿನ ಔಷಧಿ ಮೆದುಳನ್ನು ಮುಟ್ಟಿದರೆ ಒಳ್ಳೆಯದೇ ಆಗಬೇಕು ಅಂತೇನೂ ಇಲ್ಲ. ರಿಮೊನಬ್ಯಾಂಟ್ ಅನ್ನುವ ಹಸಿವು ತಗ್ಗಿಸುವ ಔಷಧಿ 2006ರಲ್ಲಿ ಯುರೋಪಿನಲ್ಲಿ ಬಂತು, ತೂಕವೂ ಇಳಿಯಿತು, ಜೊತೆಗೆ ಡಿಪ್ರೆಶನ್, ಆತ್ಮಹತ್ಯೆಯ ಯೋಚನೆ. 2008ರಲ್ಲಿ ಮಾರಾಟ ನಿಂತಿತು. ಸೆಮಾಗ್ಲುಟೈಡ್ ಕೆಲಸ ಮಾಡುವ ದಾರಿ ಬೇರೆ, 2024ರಲ್ಲಿ ಅಮೆರಿಕ ಮತ್ತು ಯುರೋಪಿನ ಔಷಧ ನಿಯಂತ್ರಕರು ಪರಿಶೀಲಿಸಿದಾಗ ಅಂಥ ನಂಟು ಕಂಡುಬರಲಿಲ್ಲ. ಆದರೂ ಮೊದಲು ಡಿಪ್ರೆಶನ್ ಇದ್ದವರು ಶುರು ಮಾಡುವ ಮುಂಚೆಯೇ ಡಾಕ್ಟರಿಗೆ ಹೇಳಿ. ಮನಸ್ಸು ಮಂಕಾದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ, ಆವತ್ತೇ ಫೋನ್ ಮಾಡಿ.