ಮಾರ್ಫಿನ್ 10 ಮಿ.ಗ್ರಾಂ ಮಾತ್ರೆ: ಗಡಿಯಾರ ನೋಡಿ ಕೊಡಬೇಕಾದ ಔಷಧ

ಗುಣವಾಗುವ ಹಂತ ದಾಟಿದ ಕ್ಯಾನ್ಸರ್‌ನ ತೀವ್ರ ನೋವಿಗೆ ಈ ಪುಟ್ಟ ಮಾತ್ರೆಯಷ್ಟು ನೆಚ್ಚಿಕೊಳ್ಳಬಹುದಾದ ಔಷಧಗಳು ಕಡಿಮೆ. ಆದರೂ ‘ಕೊಟ್ಟೆವು, ಪ್ರಯೋಜನವಾಗಲಿಲ್ಲ’ ಎನ್ನುವ ಮನೆಗಳಿವೆ. ವಿಚಾರಿಸಿದರೆ, ನೋವು ತಡೆಯಲಾರದಷ್ಟಾದ ಮೇಲಷ್ಟೇ ಕೊಟ್ಟಿರುತ್ತಾರೆ. ಸಾದಾ ಮಾತ್ರೆ ಕೆಲಸ ಮಾಡುವುದು ಸುಮಾರು ನಾಲ್ಕು ಗಂಟೆ. ಅದರ ಬಲ ಇಳಿಯುವ ಮೊದಲೇ ಮುಂದಿನದು ಹೊಟ್ಟೆ ಸೇರಬೇಕು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಡುರಾತ್ರಿ ಎಬ್ಬಿಸುವುದು ತಪ್ಪಲೆಂದು ವೈದ್ಯರು ರಾತ್ರಿಯದನ್ನು ಹೆಚ್ಚಾಗಿ ಎರಡು ಪಟ್ಟು ಬರೆಯುತ್ತಾರೆ. ವಯಸ್ಸಾದವರಿಗೆ, ತೀರಾ ನಿತ್ರಾಣರಾದವರಿಗೆ ಅರ್ಧ ಮಾತ್ರೆ ಅಥವಾ ಇನ್ನೂ ಕಡಿಮೆಯಿಂದ ಶುರು. ನಡುವೆ ನೋವು ಎದ್ದರೆ ಕೊಡಲು ಬೇರೆ ಡೋಸ್ ಬರೆಸಿಕೊಳ್ಳಿ. ಸಾಮಾನ್ಯವಾಗಿ ಅದು ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗ. ಎಷ್ಟು ಸಲ ಬೇಕಾಯಿತೆಂದು ಗುರುತು ಹಾಕಿಡಿ, ಪ್ರಮಾಣ ಏರಿಸುವುದು ವೈದ್ಯರ ಕೆಲಸ.

ಇದರ ದೊಡ್ಡ ದೋಷ ಮಲಬದ್ಧತೆ. ವಾಕರಿಕೆ, ಮಂಪರು ಬಹುಮಟ್ಟಿಗೆ ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಮಲಬದ್ಧತೆ ಮಾತ್ರ ಮಾರ್ಫಿನ್ ತೆಗೆದುಕೊಳ್ಳುವಷ್ಟು ದಿನವೂ ಇರುತ್ತದೆ. ಹಾಗಾಗಿ ಮೊದಲ ರಾತ್ರಿಯಿಂದಲೇ ಬಿಸಕೊಡಿಲ್‌ನಂಥ, ಮಲ ಹೋಗುವಂತೆ ಮಾಡುವ ಭೇದಿ ಮಾತ್ರೆ ಜೊತೆಗಿರಬೇಕು. ಇಸಬ್‌ಗೋಲು ಬೇಡ: ನೀರು ಹೆಚ್ಚು ಕುಡಿಯಲಾಗದವರ ಕರುಳಲ್ಲಿ ಅದು ಗಟ್ಟಿಯಾಗಿ ಕೂತುಬಿಡುತ್ತದೆ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಭೇದಿ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರಿಗೆ ತಿಳಿಸಿ.

ಉರಿ, ಶಾಕ್ ಹೊಡೆದಂಥ ನರದ ನೋವಿಗೆ ಇದೊಂದೇ ಸಾಲುವುದು ಅಪರೂಪ. ಅಮಿಟ್ರಿಪ್ಟಿಲಿನ್ ಅಥವಾ ಗ್ಯಾಬಪೆಂಟಿನ್ ಸೇರಿಸುತ್ತಾರೆ. ಮೂತ್ರಪಿಂಡ ಸೋತವರಲ್ಲಿ ಔಷಧ ಮೈಯಲ್ಲೇ ಉಳಿಯುತ್ತದೆ. ಕೈಕಾಲು ಜಗ್ಗಿದಂತೆ ಅದುರಿದರೆ, ಎಬ್ಬಿಸಿದರೂ ಏಳದಷ್ಟು ನಿದ್ದೆ ಬಂದರೆ ಮುಂದಿನ ಡೋಸ್ ಕೊಡದೆ ಫೋನ್ ಮಾಡಿ.

ನುಂಗಲಾಗದವರಿಗೆ ಸಾದಾ ಮಾತ್ರೆಯನ್ನು ಪುಡಿಮಾಡಿ ನೀರಲ್ಲಿ ಕದಡಿ ಕೊಡಬಹುದು. ಎಸ್‌ಆರ್ (SR) ಎಂದು ಬರೆದಿರುವುದನ್ನು ಎಂದಿಗೂ ಪುಡಿಮಾಡಬಾರದು: ತಾಸುಗಟ್ಟಲೆ ನಿಧಾನವಾಗಿ ಇಳಿಯಬೇಕಾದ ಔಷಧ ಒಮ್ಮೆಗೇ ಇಳಿದು ಉಸಿರಿಗೇ ಕುತ್ತು.

‘ಚಟ ಹತ್ತುತ್ತದೆ’ ಎಂದು ಹೆದರಿ, ನರಳುವವರ ಬಾಯಿಂದ ಮಾತ್ರೆ ತಪ್ಪಿಸಬೇಡಿ. ನೋವಿಗೆಂದು ಸರಿಯಾಗಿ ಕೊಟ್ಟಾಗ ಆ ಅಪಾಯ ತೀರಾ ಕಡಿಮೆ. ಆದರೆ ಥಟ್ಟನೆ ನಿಲ್ಲಿಸುವಂತಿಲ್ಲ.

ಬೀದಿಯ ಮೆಡಿಕಲ್ ಶಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. 2014ರಲ್ಲಿ ಮಾದಕದ್ರವ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಂಡು ಕೊಡುವುದು ಸುಲಭವಾಗಿದೆ. ಬೆಂಗಳೂರಿನವರು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ನೋವು ಉಪಶಮನ ವಿಭಾಗದಲ್ಲಿ ಅಥವಾ ಶುಲ್ಕವಿಲ್ಲದೆ ಆರೈಕೆ ಮಾಡುವ ಕರುಣಾಶ್ರಯದಲ್ಲಿ ವಿಚಾರಿಸಬಹುದು. ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಾರಾಂಶ ಜೊತೆಗಿರಲಿ. ಮನೆಯಲ್ಲಿ ಬೀಗದೊಳಗಿಡಿ. ಉಳಿದ ಮಾತ್ರೆಗಳನ್ನು ಇನ್ನೊಬ್ಬರ ಬೆನ್ನುನೋವಿಗೆ ಕೊಡದೆ ತಂದ ಕಡೆಗೇ ಹಿಂತಿರುಗಿಸಿ.