ಸಂಜೆಯ ಡೇಟ್‌ಗೆ ಯಾವ ಉಡುಪು? ಕಪ್ಪು, ಕೆಂಪು, ನೀಲಿ, ಬಿಳಿ ನಾಲ್ಕನ್ನೂ ಹಾಕಿ ನೋಡಿದ ಮೇಲೆ

ಪ್ರೀತಿಸುವವರ ಜೊತೆ ಸಂಜೆ ಹೊರಗೆ ಹೋಗುವುದಿದ್ದರೆ ನಾವೆಲ್ಲ ಮಾಡುವ ಮೊದಲ ಕೆಲಸ ಕನ್ನಡಿ ಮುಂದೆ ನಿಲ್ಲುವುದು. ಆದರೆ ಅಂಥ ಸಂಜೆಯಲ್ಲಿ ನಾವು ನಿಂತಿರುವ ಹೊತ್ತು ಕಡಿಮೆ, ಕೂತಿರುವ ಹೊತ್ತೇ ಜಾಸ್ತಿ ಅಲ್ವಾ? ಎದುರಿಗೆ ಕೂತವರಿಗೆ ಕಾಣುವುದು ಮೇಜಿನಿಂದ ಮೇಲಿನ ಭಾಗ ಮಾತ್ರ. ಮುಖ, ಕುತ್ತಿಗೆ, ಭುಜ, ಕೈಗಳು. ಬೆಳಕೂ ಮಂದವಾಗಿರುತ್ತದೆ. ಹಾಗಾಗಿ ನನ್ನ ಹತ್ತಿರ ಇರುವ ನಾಲ್ಕು ಉಡುಪುಗಳನ್ನು ಬೇರೆ ಬೇರೆ ಸಂಜೆ ಹಾಕಿಕೊಂಡು ಹೋಗಿ, ಕೂತಾಗ ಹೇಗಿರುತ್ತವೆ, ಆ ಬೆಳಕಿನಲ್ಲಿ ಹೇಗೆ ಕಾಣುತ್ತವೆ ಅಂತ ಹೋಲಿಸಿ ನೋಡಿದೆ. ಮೊಣಕಾಲುದ್ದದ ಕಪ್ಪು ಡ್ರೆಸ್, ಕೆಂಪು ಸ್ಯಾಟಿನ್ ಡ್ರೆಸ್, ನೀಲಿ ರೇಷ್ಮೆ ಟಾಪ್ ಮತ್ತು ಪ್ಯಾಂಟು, ಬಿಳಿ ಲಿನನ್ ಡ್ರೆಸ್.

ಕಪ್ಪು ಡ್ರೆಸ್‌ನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಯಾರನ್ನು ಕೇಳಿದರೂ ಮೊದಲು ಹೇಳುವುದು ಅದನ್ನೇ. ಇದು ಇವತ್ತಿನ ಮಾತಲ್ಲ. ಫ್ರಾನ್ಸಿನ ಉಡುಪು ವಿನ್ಯಾಸಕಿ ಕೊಕೊ ಶನೆಲ್ ಅವರ ಸರಳ ಕಪ್ಪು ಡ್ರೆಸ್‌ನ ಚಿತ್ರವನ್ನು ವೋಗ್ ಎಂಬ ಫ್ಯಾಷನ್ ಪತ್ರಿಕೆ 1926ರಲ್ಲಿ ಅಚ್ಚು ಹಾಕಿ, ಅದನ್ನು ಫೋರ್ಡ್ ಕಾರಿಗೆ ಹೋಲಿಸಿತ್ತು. ಎಲ್ಲರಿಗೂ ಒಪ್ಪುವಂಥದ್ದು ಅಂತ ಅದರ ಅರ್ಥ. ನನಗೂ ಒಪ್ಪಿತು. ಮಂದ ಬೆಳಕಿನಲ್ಲಿ ಕಪ್ಪು ಬಟ್ಟೆ ಹಿಂದಕ್ಕೆ ಸರಿದು ಮುಖ, ಕೈಗಳು ಎದ್ದು ಕಾಣುತ್ತವೆ. ಮಾತಾಡಲು ಕೂತಾಗ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಹೊಲಿಗೆಯ ಕುಸುರಿ, ನೆರಿಗೆ, ಕಸೂತಿ ಎಲ್ಲವೂ ಆ ಕಪ್ಪಿನಲ್ಲಿ ಮುಳುಗಿಹೋಗುತ್ತವೆ. ಅದಕ್ಕೆ ಹಣ ಕೊಡುವ ಬದಲು ಕುತ್ತಿಗೆಯ ಆಕಾರ ಚೆನ್ನಾಗಿದೆಯಾ, ಭುಜದ ಹೊಲಿಗೆ ಭುಜದ ಮೇಲೇ ಕೂರುತ್ತದೆಯಾ ಅಂತ ನೋಡುವುದು ಮೇಲು. ನನ್ನ ಡ್ರೆಸ್‌ನಲ್ಲಿ ಸ್ವಲ್ಪ ಲೈಕ್ರಾ, ಅಂದರೆ ಹಿಗ್ಗುವ ನೂಲು, ಬೆರೆತಿದೆ. ಊಟ ಮುಗಿದ ಮೇಲೂ ಸೊಂಟದಲ್ಲಿ ಬಿಗಿಯಲಿಲ್ಲ. ಒಂದೇ ತೊಂದರೆ ಎಂದರೆ ನೂಲಿನ ಎಳೆ, ಕೂದಲು, ಪೌಡರ್ ಏನು ಅಂಟಿದರೂ ತಕ್ಷಣ ಕಾಣುತ್ತದೆ.

ಕೆಂಪು ಸ್ಯಾಟಿನ್ ವಿಷಯ ಸ್ವಲ್ಪ ದೊಡ್ಡದು. ಸ್ಯಾಟಿನ್ ಅನ್ನುವುದು ನೂಲಿನ ಜಾತಿ ಅಲ್ಲ, ನೇಯುವ ರೀತಿ. ರೇಷ್ಮೆಯಲ್ಲೂ ಸ್ಯಾಟಿನ್ ಇದೆ, ಪಾಲಿಯೆಸ್ಟರ್‌ನಲ್ಲೂ ಇದೆ. ನನ್ನದು ಪಾಲಿಯೆಸ್ಟರ್. ಸಾಧಾರಣ ಹವೆಯಲ್ಲಿ ರೇಷ್ಮೆ ತನ್ನ ತೂಕದ ಸುಮಾರು 11 ಶೇಕಡಾ ತೇವ ಹೀರಿಕೊಂಡಿರುತ್ತದೆ, ಹತ್ತಿ ಸುಮಾರು 8. ಪಾಲಿಯೆಸ್ಟರ್ ಅರ್ಧ ಶೇಕಡಾಕ್ಕಿಂತಲೂ ಕಡಿಮೆ. ಅಂದರೆ ಬೆವರು ಬಟ್ಟೆಗೆ ಹೋಗದೆ ಮೈಮೇಲೇ ಉಳಿಯುತ್ತದೆ. ಎದೆ ಹೊಡೆದುಕೊಳ್ಳುವ ಮೊದಲ ಭೇಟಿಗಳಲ್ಲಿ ಇದು ಸಣ್ಣ ವಿಷಯವಲ್ಲ. ಒಣ ಹವೆ ಇದ್ದ ಸಂಜೆ ಬಟ್ಟೆ ಕಾಲಿಗೆ ಅಂಟಿಕೊಂಡು ಚಟಚಟ ಅಂದಿತು. ಒಳಗೆ ಹತ್ತಿಯ ಲೈನಿಂಗ್ ಇದ್ದರೆ ಈ ಕಾಟ ಕಡಿಮೆ. ಇನ್ನೊಂದು ಮಾತು, ನಿಂತಾಗ ನೀರಿನಂತೆ ಇಳಿಯುವ ಸ್ಯಾಟಿನ್, ಕೂತ ಕೂಡಲೇ ಹೊಟ್ಟೆಯ ಹತ್ತಿರ ಮಡಿಕೆ ಬೀಳುತ್ತದೆ. ಹೊಳೆಯುವ ಬಟ್ಟೆಯಲ್ಲಿ ಪ್ರತಿ ಮಡಿಕೆಯೂ ಬೆಳಕು ಹಿಡಿಯುತ್ತದೆ.

ಆದರೂ ಆ ಬಣ್ಣ! ಮೇಣದ ಬತ್ತಿಯ ಬೆಳಕಿನಲ್ಲಿ, ಹಳದಿ ಬಲ್ಬಿನ ಬೆಳಕಿನಲ್ಲಿ ಕೆಂಪಿನ ಪಾಲು ಜಾಸ್ತಿ ಇರುತ್ತದೆ. ಅದಕ್ಕೇ ಕೆಂಪು ಬಟ್ಟೆ ಅಲ್ಲಿ ಬೆಚ್ಚಗೆ ಅರಳುತ್ತದೆ, ಮುಖಕ್ಕೂ ಒಂದು ರಂಗು ಬರುತ್ತದೆ. ಹೊರಗೆ ಕತ್ತಲಲ್ಲಿ ನಡೆದಾಗ ಮಾತ್ರ ಅದೇ ಕೆಂಪು ಕಪ್ಪಿಗೆ ತಿರುಗಿತು. ಬೆಳಕು ತುಂಬಾ ಕಡಿಮೆಯಾದಾಗ ನಮ್ಮ ಕಣ್ಣಿಗೆ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಇನ್ನೂ ಸ್ವಲ್ಪ ತಿಳಿಯಾಗಿ ಕಾಣುತ್ತದೆ. 19ನೇ ಶತಮಾನದಲ್ಲೇ ಪುರ್ಕಿಂಜೆ ಎಂಬ ಚೆಕ್ ವಿಜ್ಞಾನಿ ಇದನ್ನು ಗಮನಿಸಿ ಬರೆದಿದ್ದರು. ಕೆಂಪು ಹಾಕಿದ ಹೆಂಗಸರು ಗಂಡಸರಿಗೆ ಹೆಚ್ಚು ಆಕರ್ಷಕವಾಗಿ ಕಾಣುತ್ತಾರೆ ಅಂತ 2008ರಲ್ಲಿ ಒಂದು ಅಧ್ಯಯನ ಬಂತು, ಅದನ್ನು ಈಗಲೂ ಎಲ್ಲೆಡೆ ಹೇಳುತ್ತಾರೆ. ಆಮೇಲೆ ಹೆಚ್ಚು ಜನರ ಮೇಲೆ ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗದ ಉದಾಹರಣೆಗಳೂ ಇವೆ. ಹಾಗಾಗಿ ಆ ನಂಬಿಕೆಗೋಸ್ಕರ ಸುಮ್ನೆ ಕೆಂಪು ಕೊಳ್ಳಬೇಡಿ. ನಿಮಗೆ ಕೆಂಪು ಇಷ್ಟ ಇದ್ದರೆ ಖಂಡಿತ ಹಾಕಿ.

ನನ್ನ ಮಟ್ಟಿಗೆ ಗೆದ್ದಿದ್ದು ನೀಲಿ ರೇಷ್ಮೆ ಟಾಪ್. ಮೇಜಿನ ಮೇಲೆ ಕಾಣುವ ಭಾಗಕ್ಕೆ ಒಳ್ಳೆಯ ಬಟ್ಟೆ, ಕೆಳಗೆ ಆರಾಮಾಗಿರುವ ಪ್ಯಾಂಟು. ಕಾಲು ಮೇಲೆ ಕಾಲು ಹಾಕಿ ಕೂರಬಹುದು, ಗಾಳಿ ಬೀಸಿದರೆ ಹೆದರಬೇಕಿಲ್ಲ, ಸ್ಕೂಟರ್ ಹಿಂದೆ ಕೂರಬೇಕಾದರೂ ಸರಿ. ಇಡೀ ಸಂಜೆ ಬಟ್ಟೆ ಸರಿಮಾಡಿಕೊಳ್ಳಲು ಒಮ್ಮೆಯೂ ಕೈ ಹೋಗಲಿಲ್ಲ. ಕೈ ಮೇಜಿನ ಮೇಲೇ ಇತ್ತು, ಇನ್ನೊಂದು ಕೈಯ ಪಕ್ಕದಲ್ಲಿ. ನನಗೆ ಬೇಕಾಗಿದ್ದೂ ಅದೇ. ರೇಷ್ಮೆಯ ಹೊಳಪು ಪಾಲಿಯೆಸ್ಟರ್‌ನಷ್ಟು ಚುಚ್ಚುವುದಿಲ್ಲ, ಭುಜ ಅಲುಗಿದಾಗ ಮೆತ್ತಗೆ ಬದಲಾಗುತ್ತದೆ.

ಇದಕ್ಕೂ ಎಚ್ಚರ ಬೇಕು. ನೀರಿನ ಹನಿ ಬಿದ್ದರೂ ರೇಷ್ಮೆಯ ಮೇಲೆ ಕಲೆ ಉಳಿಯಬಹುದು. ಸೆಂಟ್ ಹಾಕಿಕೊಳ್ಳುವುದಿದ್ದರೆ ಮೊದಲು ಮೈಗೆ ಹಾಕಿ, ಒಣಗಿದ ಮೇಲೆ ಟಾಪ್ ತೊಡಿ. ತುಂಬಾ ಗಾಢ ನೀಲಿ ಬೇಡ, ಹಳದಿ ಬೆಳಕಿನಲ್ಲಿ ಅದು ಕಪ್ಪೇ ಅನಿಸುತ್ತದೆ. ನವಿಲು ಕತ್ತಿನ ನೀಲಿಯಷ್ಟಿದ್ದರೆ ಸಾಕು.

ಬಿಳಿ ಲಿನನ್ ಬಗ್ಗೆ ಹೇಳುವುದು ಕಡಿಮೆ. ಸೆಕೆಗೆ ಇದರಷ್ಟು ತಂಪು ಬೇರೆ ಇಲ್ಲ. ಆದರೆ ಲಿನನ್ ನೇಯುವ ಅಗಸೆ ನಾರು ಹಿಗ್ಗುವುದು ತೀರಾ ಕಡಿಮೆ, ಮಡಿಸಿದ ಕಡೆ ಗೆರೆ ಹಾಗೇ ಉಳಿಯುತ್ತದೆ. ಕೂತು ಎದ್ದರೆ ತೊಡೆಯ ಮೇಲೆಲ್ಲ ಸುಕ್ಕು. ಸೂರ್ಯ ಮುಳುಗುವ ಮೊದಲೇ ಸಿಕ್ಕು, ಬಯಲಲ್ಲಿ ನಡೆದಾಡುವ ಸಂಜೆಯಾದರೆ ಚೆಂದ. ಊಟಕ್ಕೆ ಕೂರುವುದಾದರೆ ಬೇಡ ಅನ್ನುತ್ತೇನೆ.

ಗಂಡಸರಿಗೂ ಬಟ್ಟೆಯ ಲೆಕ್ಕ ಇದೇ. ನನ್ನವರ ಅಂಗಿಗಳಲ್ಲಿ ತಿಳಿ ಬೂದು ಬಣ್ಣದ್ದು ಬೆವರಿನ ಗುರುತನ್ನು ಎಲ್ಲಕ್ಕಿಂತ ಬೇಗ ತೋರಿಸುತ್ತದೆ. ಬಿಳಿಯಲ್ಲೂ ಗಾಢ ನೀಲಿಯಲ್ಲೂ ಅಷ್ಟು ಕಾಣುವುದಿಲ್ಲ. ತೋಳು ಮೊಣಕೈವರೆಗೆ ಮಡಿಸಿದ ಹತ್ತಿ ಅಂಗಿ ನನ್ನ ಕಣ್ಣಿಗೆ ಕೋಟ್‌ಗಿಂತ ಚೆನ್ನಾಗಿ ಕಾಣುತ್ತದೆ.

ಇನ್ನು ಚಪ್ಪಲಿ. ಚೂಪು ಹೀಲ್ಸ್, ದಪ್ಪ ಹಿಮ್ಮಡಿಯ ಹೀಲ್ಸ್, ಫ್ಲಾಟ್ಸ್ ಮೂರರಲ್ಲೂ ಹೋಗಿದ್ದೇನೆ. ಹೀಲ್ಸ್ ಎತ್ತರವಾದಷ್ಟೂ ಮೈಭಾರ ಪಾದದ ಮುಂಭಾಗಕ್ಕೆ ಬೀಳುತ್ತದೆ. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿಕೊಂಡೂ ಇರುತ್ತದೆ. ಬೆಳಿಗ್ಗೆ ಅಂಗಡಿಯಲ್ಲಿ ಸರಿಹೋದದ್ದು ರಾತ್ರಿ ಕಚ್ಚುವುದು ಅದಕ್ಕೇ. ಚಪ್ಪಲಿಯನ್ನು ಸಂಜೆಯೇ ಹಾಕಿ ನೋಡಿ ಕೊಳ್ಳಿ. ಚೂಪು ಹೀಲ್ಸ್ ಹುಲ್ಲಿನಲ್ಲಿ, ಕಲ್ಲುಹಾಸಿನ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ದಪ್ಪ ಹಿಮ್ಮಡಿಯದು ನಿಂತರೂ ನಡೆದರೂ ನೆಮ್ಮದಿ. ಫ್ಲಾಟ್ಸ್ ಹಾಕಿದ ಸಂಜೆ ಊಟವಾದ ಮೇಲೂ ಮನೆಗೆ ಹೋಗುವ ಅವಸರ ಇಬ್ಬರಿಗೂ ಇರಲಿಲ್ಲ, ಸುಮಾರು ದೂರ ನಡೆದೆವು. ಹಾಗಾಗಿ ಕರೆದವರು ಜಾಗವನ್ನು ಗುಟ್ಟಾಗಿಟ್ಟಿದ್ದರೆ ಇರಲಿ ಬಿಡಿ, "ಆಮೇಲೆ ನಡೆಯೋದು ಜಾಸ್ತಿ ಇದೆಯಾ?" ಅಂತ ಇಷ್ಟನ್ನು ಮಾತ್ರ ಕೇಳಿಕೊಳ್ಳಿ.