ರೇಷ್ಮೆ ಪಾಠ ಮೂರು ಥರ: ಮಾರ್ಕೆಟ್ಟು, ಅತಿಥಿ, ಮನೆಯ ಲೆಕ್ಕ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ನಾನು. ಶಾಲೆಯ ಹೊರಗಿನ ಬದುಕಿಗೂ ಪಾಠಕ್ಕೂ ನಂಟು ಇರಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. 6ರಿಂದ 8ನೇ ತರಗತಿಯ ನಡುವೆ 10 ದಿನ ಬ್ಯಾಗ್ ಇಲ್ಲದೆ ಊರಿನ ಕಸುಬುದಾರರ ಹತ್ತಿರ ಕಲಿಯಲಿ ಅಂತ 2020ರ ಶಿಕ್ಷಣ ನೀತಿಯೂ ಹೇಳುತ್ತದೆ. ಸರಿ, ಆದರೆ ಹೇಗೆ ಕಲಿಸೋದು?

ನಮ್ಮಲ್ಲಿ ವಿಷಯ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಾಂಪೌಂಡಿನ ಆಚೆಗೇ ಹಿಪ್ಪುನೇರಳೆ ತೋಟ. ಹಾಗಾಗಿ ಎಂಟನೇ ಕ್ಲಾಸಿಗೆ ರೇಷ್ಮೆಯನ್ನೇ ಬೇರೆ ಬೇರೆ ವರ್ಷ ಮೂರು ಥರ ಮಾಡಿ ನೋಡಿದೆ.

ಮೊದಲು ಮಕ್ಕಳನ್ನು ಕರೆದುಕೊಂಡು ಹೋಗಿದ್ದು ಗೂಡಿನ ಮಾರುಕಟ್ಟೆಗೆ. ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಇದೂ ಒಂದು, ನೋಡೋಕೆ ಚೆಂದ. ಆದರೆ ಇ-ಹರಾಜು ಬಂದ ಮೇಲೆ ಮೊದಲಿನ ಕೂಗಾಟ ಇಲ್ಲ. ರೀಲರುಗಳು, ಅಂದರೆ ಗೂಡು ಕೊಂಡು ನೂಲು ತೆಗೆಯುವವರು, ಗೂಡನ್ನು ಬೆರಳಲ್ಲಿ ಅಮುಕಿ ನೋಡುತ್ತಾರೆ, ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ, ಮುಂದಿನ ಲಾಟಿಗೆ (ಗೂಡಿನ ರಾಶಿಗೆ) ಹೋಗುತ್ತಾರೆ. ನಡೆಯುವ ವ್ಯವಹಾರವೆಲ್ಲ ಫೋನಿನೊಳಗೆ. ಹಿಂದಿನ ಸಾಲಿನ ಹುಡುಗರಿಗೆ ಕಂಡಿದ್ದು ಮುಂದಿನವರ ಬೆನ್ನು ಅಷ್ಟೇ.

ಅಲ್ಲಿಂದ ನೂಲು ತೆಗೆಯುವ ಒಂದು ಘಟಕಕ್ಕೆ ಹೋದೆವು. ಬಿಸಿನೀರಲ್ಲಿ ಬೆಂದ ಹುಳದ ವಾಸನೆ ಗೊತ್ತಲ್ಲ? ಅರ್ಧ ಕ್ಲಾಸು ಮೂಗು ಮುಚ್ಚಿಕೊಂಡಿತು. ಮೂಗು ಮುಚ್ಚದೆ ತಲೆ ತಗ್ಗಿಸಿ ನಿಂತವರು ರೀಲರ್ ಮನೆಯ ಮಕ್ಕಳು. ಪಕ್ಕದ ಬೆಂಚಿನವನ ಮನೆ ಕಸುಬನ್ನು ಹೀಗೆ ಪ್ರದರ್ಶನದ ವಸ್ತು ಮಾಡೋದು ನನಗೆ ಹಿಡಿಸಲಿಲ್ಲ.

ಎರಡನೆಯದು, ಅನುಭವಿ ಬೆಳೆಗಾರರೊಬ್ಬರನ್ನು ಶಾಲೆಗೆ ಕರೆಸಿದ್ದು. ಖರ್ಚು ಒಂದು ಶಾಲು. ಮನೆ ಜಗಲಿ ಮೇಲೆ ಗಂಟೆಗಟ್ಟಲೆ ಮಾತಾಡುವ ಯಜಮಾನರು ಕುರ್ಚಿ, ಮೈಕು ಕೊಟ್ಟ ಕೂಡಲೇ ಭಾಷಣಕ್ಕಿಳಿದರು. 'ಚೆನ್ನಾಗಿ ಓದಿ ಮಕ್ಕಳೇ, ನಮ್ಮ ಥರ ಹುಳ ಸಾಕಬೇಡಿ' ಅಂದುಬಿಟ್ಟರು! ಯಾವ ಪಾಠಕ್ಕೆ ಕರೆಸಿದ್ದೆನೋ ಅದರ ಬುಡವೇ ಹೋಯಿತು. ಕೊನೆಗೆ ಒಬ್ಬ ಹುಡುಗಿ ಓಡಿಹೋಗಿ ಒಂದು ಕಡ್ಡಿ ಹಿಪ್ಪುನೇರಳೆ ಸೊಪ್ಪು ಕಿತ್ತು ತಂದಳು. ಅದು ಕೈಗೆ ಬಂದ ಮೇಲೆ ಮನುಷ್ಯ ಬೇರೆಯೇ ಆದರು. ಚಾಕಿ ಹುಳಕ್ಕೆ (ಎಳೆ ಮರಿಹುಳಕ್ಕೆ) ತುದಿಯ ಎಳೆ ಎಲೆ ಯಾಕೆ, ದೊಡ್ಡ ಹುಳಕ್ಕೆ ಬಲಿತ ಸೊಪ್ಪು ಯಾಕೆ ಅಂತ ಎಲೆ ಮಡಚಿ, ಹರಿದು ತೋರಿಸಿದರು. ಅತಿಥಿಯನ್ನು ಕರೆಸುವುದಾದರೆ ಮೈಕು ಬೇಡ, ಕೈಗೊಂದು ವಸ್ತು ಕೊಡಿ.

ಮೂರನೆಯದು ಮನೆಯ ಲೆಕ್ಕ. ನನ್ನ ಓಟು ಇದಕ್ಕೇ. 100 ಮೊಟ್ಟೆಯ ಒಂದು ಬೆಳೆಗೆ ಎಷ್ಟು ಖರ್ಚು, ಎಷ್ಟು ಗೂಡು, ಎಷ್ಟು ದುಡ್ಡು ಅಂತ ಮನೆಯಲ್ಲಿ ಕೇಳಿ ಬರೆದು ತನ್ನಿ ಅಂದೆ. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳನ್ನೆಲ್ಲ ಸೇರಿಸಿ ನಮ್ಮ ಕಡೆ ಒಂದು ಮೊಟ್ಟೆ ಅಂತ ಎಣಿಸುತ್ತಾರೆ, ಹಾಗಾಗಿ 100 ಮೊಟ್ಟೆ ಅಂದರೆ ಹೆಚ್ಚುಕಡಿಮೆ 40ರಿಂದ 50 ಸಾವಿರ ಹುಳ. ನೋಟ್‌ಬುಕ್ಕುಗಳು ಬಂದವು. ಕೆಲವರದು ಅರ್ಧ ತೆಲುಗು, ಕೆಲವರದು ಅರ್ಧ ಉರ್ದು, ಎಲ್ಲ ಕನ್ನಡ ಅಕ್ಷರದಲ್ಲಿ. ನಾನು ತಿದ್ದಲಿಲ್ಲ.

ಹುಳ ಮೇವು ಬಿಟ್ಟು ಪೊರೆ ಕಳಚೋದಕ್ಕೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರದಲ್ಲೇ ಹುಳ ತನ್ನ ಜೀವಮಾನದ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ತಿನ್ನುತ್ತದೆ. ಮಕ್ಕಳ ದಿನಚರಿಯಲ್ಲಿ ಅದು ಹಾಗೇ ಕಾಣಿಸಿತು: ಆ ವಾರ ಬೆಳಗಿನ ಜಾವವೇ ಸೊಪ್ಪು ಕೊಯ್ಯೋದು, ಆಮೇಲೆ ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳ ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಗೆ ಬಿಡೋದು. ಹಾಜರಿ ಪುಸ್ತಕ ಪಕ್ಕಕ್ಕಿಟ್ಟು ನೋಡಿದರೆ ಗೈರುಹಾಜರಿಯೂ ಅದೇ ದಿನಗಳಲ್ಲಿ!

ಎಲ್ಲಕ್ಕಿಂತ ಒಳ್ಳೆ ಚರ್ಚೆ ಹುಟ್ಟಿದ್ದು ಕೂಲಿ ಕಾಲಮ್ಮಿನಿಂದ. ಒಬ್ಬಳ ಲೆಕ್ಕದಲ್ಲಿ ಮೊಟ್ಟೆ, ಗೊಬ್ಬರ, ಸುಣ್ಣ, ಆಳಿನ ಕೂಲಿ, ಗಾಡಿ ಬಾಡಿಗೆ ಎಲ್ಲ ಇತ್ತು. ಕೊನೆಗೆ ಒಳ್ಳೆ ಲಾಭವೂ ಬಂದಿತ್ತು. 'ನಿಮ್ಮಮ್ಮ ರಾತ್ರಿ ಎದ್ದು ಸೊಪ್ಪು ಹಾಕೋದು ಎಲ್ಲೇ?' ಅಂತ ಪಕ್ಕದವಳು ಕೇಳಿದಳು. ಅಮ್ಮನಿಗೂ ಆಳಿನ ದರದಲ್ಲೇ ಕೂಲಿ ಹಾಕಿದರು. ಲಾಭ ಕರಗಿಹೋಯಿತು. ಅರ್ಥಶಾಸ್ತ್ರದ ಪಾಠದಲ್ಲಿ ಇದನ್ನು ನಾನು ಎಷ್ಟು ಸಲ ಹೇಳಿದ್ದರೂ ಹೀಗೆ ನಾಟುತ್ತಿರಲಿಲ್ಲ.

ಇದರಲ್ಲೂ ತೊಡಕಿದೆ. ಎಲ್ಲರ ಮನೆಯಲ್ಲೂ ಹುಳ ಇಲ್ಲ. ಕೆಲವರ ಅಪ್ಪ ಅಮ್ಮ ಬೇರೆಯವರ ತೋಟಕ್ಕೆ ಕೂಲಿಗೆ ಹೋಗುವವರು. ಸಾಲದ ಮಾತು ಶಾಲೆಗೆ ಬರೋದು ಮನೆಯವರಿಗೆ ಇಷ್ಟವಿಲ್ಲ, ಅದೂ ನ್ಯಾಯವೇ. ಅದಕ್ಕೆ ಹೆಸರು ಬರೆಯಬೇಡಿ, ಸಾಲದ ಕಾಲಮ್ ಬೇಡ ಅಂದೆ. ಕೂಲಿ ಮನೆಯ ಮಕ್ಕಳು ದಿನಗೂಲಿಯ ಲೆಕ್ಕ ತಂದರು. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದೆವು.

ಮಾರುಕಟ್ಟೆಯನ್ನು ಪೂರ್ತಿ ಬಿಡುವ ಯೋಚನೆ ಇಲ್ಲ. ಈ ಸಲ ಲೆಕ್ಕ ಮುಗಿದ ಮೇಲೆ, ಸಣ್ಣ ಸಣ್ಣ ಗುಂಪು ಮಾಡಿಕೊಂಡು, ಮಕ್ಕಳೇ ಬರೆದ ಪ್ರಶ್ನೆಗಳ ಜೊತೆ ಹೋಗುತ್ತೇವೆ. ಪಟ್ಟಿಯ ಮೊದಲ ಪ್ರಶ್ನೆ: ಒಂದೇ ದಿನ ಬಂದ ಎರಡು ಲಾಟಿಗೆ ಬೆಲೆಯಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ?